ಮುಲಾಮಿಗಿಂತ ಮೊದಲು ಮಗುವಿನ ಬಟ್ಟೆ ನೋಡಿ

ಮಾನ್ಯರೇ,

ಶಾಲೆ ಶುರುವಾಗಿ ಮಳೆ ಹಿಡಿದುಕೊಂಡರೆ ಕೊಡಗಿನ ಔಷಧಿ ಅಂಗಡಿಗಳಲ್ಲಿ ಮಕ್ಕಳ ತುರಿಕೆಗೆ ಮುಲಾಮು ಕೇಳುವವರು ಹೆಚ್ಚುತ್ತಾರೆ. ಬಹಳಷ್ಟು ಸಲ ಕೈಗೆ ಬರುವುದು ಸ್ಟಿರಾಯ್ಡ್, ಫಂಗಸ್ ಮದ್ದು, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದ ಒಂದು ಟ್ಯೂಬು. ಹಚ್ಚಿದಷ್ಟು ದಿನ ಕೆಂಪು ಇಳಿಯುತ್ತದೆ, ಬಿಟ್ಟ ಕೂಡಲೇ ಮತ್ತೆ ಏಳುತ್ತದೆ. ತುರಿಕೆಯ ಮೂಲ ಚಡ್ಡಿಯ ಎಲಾಸ್ಟಿಕ್‌ನಲ್ಲೋ ಸ್ಕರ್ಟಿನ ಲೈನಿಂಗ್‌ನಲ್ಲೋ ಇದ್ದರೆ ಮಗು ಅದನ್ನೇ ದಿನಾ ತೊಡುತ್ತಿರುವಾಗ ಯಾವ ಮುಲಾಮು ತಾನೇ ಏನು ಮಾಡೀತು?

ಮೊದಲ ಕೆಲಸ, ಬಟ್ಟೆ ಬಿಚ್ಚಿಸಿ ಹಗಲು ಬೆಳಕಿನಲ್ಲಿ ಗುಳ್ಳೆ ಎಲ್ಲೆಲ್ಲಿ ಎದ್ದಿದೆ ಎಂದು ನೋಡುವುದು. ಸೊಂಟದ ಸುತ್ತ, ತೊಡೆಸಂದಿನಲ್ಲಿ ಪಟ್ಟಿ ಎಳೆದ ಹಾಗಿದ್ದರೆ ಎಲಾಸ್ಟಿಕ್ ಮೇಲೆ ಅನುಮಾನ ಪಡಬೇಕು. ಹೊಕ್ಕುಳ ಕೆಳಗೆ ನಾಣ್ಯದಗಲ ಒರಟು ಕಲೆ ಇದ್ದರೆ ಜೀನ್ಸ್ ಗುಂಡಿ ಅಥವಾ ಬೆಲ್ಟಿನ ಬಕಲ್‌ನಲ್ಲಿರುವ ನಿಕ್ಕಲ್. ಕಂಕುಳಿನ ಗುಳಿ ಚೆನ್ನಾಗಿದ್ದು ಅದರ ಅಂಚಿನಲ್ಲಿ, ತೊಡೆಯ ಒಳಬದಿಯಲ್ಲಿ, ಮಂಡಿಯ ಹಿಂದೆ ಕೆಂಪಾಗಿದ್ದರೆ ಬಟ್ಟೆಯ ಬಣ್ಣ. ಉಂಗುರದಂತೆ ಅಂಚು ಎದ್ದು ನಡುವೆ ತಿಳಿಯಾಗಿದ್ದರೆ ಅದು ಹುಳುಕಡ್ಡಿ. ಬೆರಳ ಸಂದಿನಲ್ಲಿ ಗುಳ್ಳೆ, ರಾತ್ರಿ ಹೊತ್ತು ತಡೆಯಲಾರದ ತುರಿಕೆ, ಮನೆಯ ಉಳಿದವರಿಗೂ ಅದೇ ಕಾಟ ಇದ್ದರೆ ಕಜ್ಜಿ. ಈ ಎರಡಕ್ಕೂ ಮದ್ದು ಬೇರೆ, ಬಟ್ಟೆ ಬದಲಿಸಿದರೆ ವಾಸಿಯಾಗುವುದಿಲ್ಲ.

ತಂದೆತಾಯಿ ದಾರಿ ತಪ್ಪುವುದು ದಿನದ ಲೆಕ್ಕದಲ್ಲಿ. ಸಂಪರ್ಕದಿಂದ ಬರುವ ಅಲರ್ಜಿ ತೊಟ್ಟ ಕೂಡಲೇ ಕಾಣುವುದಿಲ್ಲ, 24ರಿಂದ 72 ಗಂಟೆ ತೆಗೆದುಕೊಳ್ಳುತ್ತದೆ. ಸೋಮವಾರ ಹಾಕಿದ ಹೊಸ ಟ್ರ್ಯಾಕ್ ಪ್ಯಾಂಟಿನ ತುರಿಕೆ ಬುಧವಾರ ಎದ್ದರೆ, ತಪ್ಪೆಲ್ಲ ಮಂಗಳವಾರ ರಾತ್ರಿ ತಿಂದ ಮೀನಿನ ಮೇಲೆ ಬೀಳುತ್ತದೆ. ಕಾರಣ ತೆಗೆದ ಮೇಲೂ ಚರ್ಮ ಸರಿಹೋಗಲು ಎರಡರಿಂದ ನಾಲ್ಕು ವಾರ ಬೇಕು. ಮೂರೇ ದಿನಕ್ಕೆ ‘ಬಟ್ಟೆಯಿಂದಲ್ಲ’ ಎಂದು ತೀರ್ಮಾನಿಸಬೇಡಿ.

ಪಾಲಿಯೆಸ್ಟರ್‌ಗೆ ಹಾಕುವ ಡಿಸ್ಪರ್ಸ್ ಬಣ್ಣಗಳು ನೂಲಿಗೆ ರಾಸಾಯನಿಕವಾಗಿ ಅಂಟಿಕೊಳ್ಳುವುದಿಲ್ಲ, ಅದರೊಳಗೆ ಕರಗಿ ಕೂತಿರುತ್ತವೆ ಅಷ್ಟೆ. ಬೆವರು, ಬಿಗಿ, ತಿಕ್ಕಾಟ ಸೇರಿದಾಗ ಹೊರಬರುತ್ತವೆ. ಡಿಸ್ಪರ್ಸ್ ಬ್ಲೂ 106 ಮತ್ತು 124 ಈ ವಿಷಯದಲ್ಲಿ ಚರ್ಮವೈದ್ಯರಿಗೆ ಚಿರಪರಿಚಿತ ಹೆಸರುಗಳು. ಕಡುನೀಲಿ, ಕಪ್ಪು, ಕಂದು ಬಟ್ಟೆ ಕೊಳ್ಳುವಾಗ ಒದ್ದೆ ಬಿಳಿ ಹತ್ತಿ ಚೂರಿನಿಂದ ಒಳಬದಿಯನ್ನು ಹತ್ತು ಸಲ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಮೈಗೆ ತಾಗುವ ಉಡುಪಾಗಿ ಅದು ಬೇಡ. ಹತ್ತದಿದ್ದರೆ ಅಪಾಯವೇ ಇಲ್ಲ ಎಂದಲ್ಲ, ಅದು ಮೊದಲ ಜರಡಿ ಮಾತ್ರ. ‘ಸುಕ್ಕಾಗದು, ಇಸ್ತ್ರಿ ಬೇಡ’ ಎನ್ನುವ ಶರ್ಟುಗಳಿಗೆ ಚರ್ಮ ಕೆಣಕುವ ಫಾರ್ಮಾಲ್ಡಿಹೈಡ್ ಇರುವ ರಾಳ ಬಳಿಯುವುದುಂಟು. ಹೊಸ ಯೂನಿಫಾರ್ಮನ್ನು ಎರಡು ಮೂರು ಸಲ ಒಗೆದ ಮೇಲೆಯೇ ತೊಡಿಸಿ ಎನ್ನುವುದು ಅದಕ್ಕೇ.

ಎಲಾಸ್ಟಿಕ್ ವಿಷಯದಲ್ಲಿ ತಪ್ಪಿತಸ್ಥ ಬಹುತೇಕ ರಬ್ಬರ್ ಅಲ್ಲ, ಅದನ್ನು ಹದಗೊಳಿಸಲು ಸೇರಿಸುವ ಥೈಯುರಾಮ್, ಕಾರ್ಬಮೇಟ್‌ನಂಥ ರಾಸಾಯನಿಕಗಳು. ಬಿಳಿ ಚಡ್ಡಿಯನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿದರೆ ಕ್ಲೋರಿನ್ ಇವುಗಳ ಜೊತೆ ಸೇರಿ ಇನ್ನೂ ತೀಕ್ಷ್ಣವಾದ ಅಲರ್ಜಿಕಾರಕ ಹುಟ್ಟುತ್ತದೆ. ಸ್ವಚ್ಛತೆಗೆಂದು ಮಾಡಿದ್ದೇ ಮಗುವನ್ನು ಕಾಡುತ್ತದೆ. ಎಲಾಸ್ಟಿಕ್ ಇರುವ ಯಾವ ಬಟ್ಟೆಗೂ ಬ್ಲೀಚ್ ಹಾಕಬೇಡಿ. ಪರಿಹಾರ ಯಾವ ಟೈಲರ್ ಕೈಯಲ್ಲಾದರೂ ಇದೆ: 2 ಸೆಂ.ಮೀ. ಎಲಾಸ್ಟಿಕ್‌ಗೆ 7 ಸೆಂ.ಮೀ. ಅಗಲದ ಒಗೆದ ಬಿಳಿ ಹತ್ತಿ ಪಟ್ಟಿ ಕತ್ತರಿಸಿ, ಮಡಚಿ, ಎರಡೂ ಅಂಚಿಗೆ ಒಂದೊಂದು ಸೆಂ.ಮೀ. ಬಿಟ್ಟು ಕೊಳವೆಯಂತೆ ಹೊಲಿದು, ಎಲಾಸ್ಟಿಕ್ ಅದರೊಳಗೆ ತೂರಿಸಬೇಕು. ಸಮಸ್ಯೆ ಜೋರಿದ್ದರೆ ಎಲಾಸ್ಟಿಕ್ ಬದಲು ಹತ್ತಿ ಲಾಡಿ. ಕುತ್ತಿಗೆಯ ಲೇಬಲನ್ನು ಕತ್ತರಿಯಿಂದ ಕತ್ತರಿಸಿದರೆ ಉಳಿದ ಬುಡ ಇನ್ನಷ್ಟು ಚುಚ್ಚುತ್ತದೆ, ಹೊಲಿಗೆ ಬಿಚ್ಚಿಯೇ ತೆಗೆಯಿರಿ. ಲೋಹದ ಗುಂಡಿಗೆ ನೇಲ್ ಪಾಲಿಶ್ ಬಳಿದರೆ ಕೆಲವೇ ಒಗೆತಕ್ಕೆ ಹೋಗುತ್ತದೆ, ಪ್ಲಾಸ್ಟಿಕ್ ಗುಂಡಿ ಹಾಕಿಸುವುದೇ ಲೇಸು.

ನಮ್ಮ ಜಿಲ್ಲೆಯ ಮಳೆಗಾಲ ಇದಕ್ಕೆಲ್ಲ ತುಪ್ಪ ಸುರಿಯುತ್ತದೆ. ಹತ್ತಿ ಒಣಗುವುದಿಲ್ಲವೆಂದು ಪಾಲಿಯೆಸ್ಟರ್ ತೊಡಿಸುತ್ತೇವೆ, ಅದರ ಮೇಲೆ ರೇನ್‌ಕೋಟ್. ಒಳಗೆ ಮಗು ಬೆವರಿ ನೆನೆಯುತ್ತದೆ. ಮೈಗೆ ತಾಗುವಂತೆ ತಿಳಿಬಣ್ಣದ ತೆಳು ಹತ್ತಿ ಬನಿಯನ್ ಇರಲಿ, ಬ್ಯಾಗಿನಲ್ಲಿ ಇನ್ನೊಂದು ಒಣ ಬನಿಯನ್ ಹಾಗೂ ಒಣ ಕಾಲುಚೀಲ ಇರಲಿ. ಉಣ್ಣೆ ಸ್ವೆಟರ್ ಚುಚ್ಚುವುದು ಹೆಚ್ಚಾಗಿ ಅಲರ್ಜಿಯಿಂದಲ್ಲ, ದಪ್ಪ ಎಳೆಯಿಂದ. ಒಳಗೆ ತುಂಬುತೋಳಿನ ಹತ್ತಿ ಅಂಗಿ ಹಾಕಿದರೆ ಸಾಕು. ಬಾವಿ, ತೊರೆಯ ಮೆದು ನೀರಿಗೆ ಒಗೆಯುವ ಪುಡಿ ಕಡಿಮೆ ಸಾಕು, ಆದರೆ ನೊರೆ ಬೇಗ ಬಿಡುವುದಿಲ್ಲ. 15 ಲೀಟರ್ ಬಕೆಟ್‌ಗೆ ಒಂದು ದೊಡ್ಡ ಚಮಚ ಪುಡಿ ಹಾಕಿ, ನೀರು ತಿಳಿಯಾಗುವವರೆಗೆ, ಕಡಿಮೆಯೆಂದರೂ ಮೂರು ಸಲ ಜಾಲಾಡಿಸಿ. ಪರಿಮಳದ ಕಂಡೀಷನರ್ ಬೇಡವೇ ಬೇಡ.

ಈಜುಡುಗೆಯಲ್ಲಿ ನೈಲಾನ್ ಅಥವಾ ಪಾಲಿಯೆಸ್ಟರ್, ಎಲಾಸ್ಟೇನ್ ಎಂಬ ಹಿಗ್ಗುವ ನೂಲು, ಕಡುಬಣ್ಣ, ಬಿಗಿ ಅಂಚು ಎಲ್ಲವೂ ಒಂದೇ ಕಡೆ ಸೇರುತ್ತವೆ. ಬಿಳಿ ಅಥವಾ ತಿಳಿಬಣ್ಣದ ಲೈನಿಂಗ್ ಇರುವುದನ್ನೇ ಆರಿಸಿ. ಕಣ್ಣಿನ ಸುತ್ತ ಕನ್ನಡಕದಾಕಾರದಲ್ಲಿ ಕೆಂಪಾದರೆ ಗಾಗಲ್ಸ್‌ನ ನಿಯೊಪ್ರಿನ್ (ಕೃತಕ ರಬ್ಬರ್) ಅಂಚನ್ನು ನೋಡಿ. ಅದರಲ್ಲಿರುವ ಥಯೋಯೂರಿಯಾ ರಾಸಾಯನಿಕ ಕೆಲವರಿಗೆ ಆಗದು, ಸಿಲಿಕೋನ್ ಅಂಚಿನದು ಕೊಡಿಸಿ. ಕೊಳದ ಕ್ಲೋರಿನ್ ಬೇರೆ ಸಂಗತಿ. ಅದು ಚರ್ಮವನ್ನು ಒಣಗಿಸಿ ಅಂದೇ ಉರಿಸುತ್ತದೆ, ಬಟ್ಟೆ ಮುಚ್ಚದ ಕೈಕಾಲಿಗೂ. ಕೆರೆಯಲ್ಲಿ ಆಡಿ ಬಂದ ಮೇಲೆ ಬಟ್ಟೆ ಮುಚ್ಚದ ಕಡೆ ಮಾತ್ರ ಗುಳ್ಳೆ ಎದ್ದರೆ, ನೀರಿನ ಬಸವನಹುಳುಗಳಿಂದ ಬರುವ ಸೂಕ್ಷ್ಮ ಪರೋಪಜೀವಿಗಳನ್ನು ಶಂಕಿಸಬೇಕು.

ಕೊಳಕ್ಕೆ ಇಳಿಯುವ ಮೊದಲು ಬರೀ ನೀರಿನಲ್ಲಿ ಮೈ ತೋಯಿಸಿ, ಕಂಕುಳು, ತೊಡೆಸಂದಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಮೇಲೆ ಬಂದ ಕೂಡಲೇ ಉಡುಗೆ ಬಿಚ್ಚಿಸಿ, ಸ್ನಾನ ಮಾಡಿಸಿ, ಉಜ್ಜದೆ ಒತ್ತಿ ಒರೆಸಿ, ಚರ್ಮ ಹಸಿಯಿರುವಾಗಲೇ ಪರಿಮಳವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಒದ್ದೆ ಉಡುಗೆಯಲ್ಲೇ ಕೂರಿಸಿ ತಿಂಡಿ ಕೊಡುವ ಅಭ್ಯಾಸ ಬಿಡಬೇಕು. ಉಡುಗೆಯನ್ನು ತಣ್ಣೀರಿನಲ್ಲಿ ಜಾಲಾಡಿಸಿ ನೆರಳಲ್ಲಿ ಒಣಗಿಸಿ. ಕೊಳದವರನ್ನು ಕೇಳಲು ಸಂಕೋಚ ಬೇಡ: ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಪಿಎಚ್ 7.2ರಿಂದ 7.8ರೊಳಗೆ ಇರಬೇಕು.

ಇಷ್ಟಾದರೂ ನಿಲ್ಲದಿದ್ದರೆ ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ (ಅನುಮಾನದ ಪದಾರ್ಥಗಳನ್ನು ಬೆನ್ನಿಗೆ ಅಂಟಿಸಿ ನೋಡುವ ಪರೀಕ್ಷೆ) ಮಾಡಿಸಿ. ರಕ್ತ ಪರೀಕ್ಷೆಯಲ್ಲಿ ಈ ಅಲರ್ಜಿ ಸಿಗುವುದಿಲ್ಲ. ಬೆನ್ನಿಗೆ ಅಂಟಿಸಿದ ಪಟ್ಟಿ 48 ಗಂಟೆ ನೆನೆಯದೆ, ಬೆವರದೆ ಇರಬೇಕು, ಮತ್ತೊಮ್ಮೆ 72ರಿಂದ 96 ಗಂಟೆಗೆ ನೋಡಬೇಕು. ಅನುಮಾನದ ಬಟ್ಟೆಯನ್ನೂ ಅದರ ಲೇಬಲನ್ನೂ ಜೊತೆಗೊಯ್ಯಿರಿ. 2018ರಲ್ಲೇ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಲೇಪಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿದೆ; ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಹುಳುಕಡ್ಡಿಗೆ ಸ್ಟಿರಾಯ್ಡ್ ಹಚ್ಚಿದರೆ ಅದರ ರೂಪವೇ ಕೆಟ್ಟು ವೈದ್ಯರಿಗೂ ಗುರುತು ಸಿಗದಂತಾಗುತ್ತದೆ.

ಶಾಲೆಗಳಲ್ಲಿ ನಮ್ಮ ವಿನಂತಿ: ಯೂನಿಫಾರ್ಮಿನ ಬಣ್ಣ ನಿಮ್ಮದೇ ಇರಲಿ, ಬಟ್ಟೆ ಹತ್ತಿಯದಾಗಲು ಅವಕಾಶ ಕೊಡಿ. ಹಾಕಿ ಆಟದ ಜೆರ್ಸಿಯೊಳಗೆ ಬನಿಯನ್, ಈಜು ಶಿಬಿರದಲ್ಲಿ ಉದ್ದತೋಳಿನ ಸಡಿಲ ಉಡುಗೆ ಕೇಳುವ ಮಗುವನ್ನು ಸಾಲಿನಿಂದ ಹೊರಗೆ ನಿಲ್ಲಿಸಬೇಡಿ. ಯೂನಿಫಾರ್ಮ್ ಪೂರೈಸುವವರು ಯಾವ ನೂಲು ಶೇಕಡಾ ಎಷ್ಟು ಎಂಬುದನ್ನು ಪ್ರತಿ ಉಡುಪಿನ ಮೇಲೂ ಬರೆಯುವಂತೆ, ಮುಂದಿನ ವರ್ಷದ ಆರ್ಡರ್ ಕೊಡುವಾಗಲೇ ಷರತ್ತು ಹಾಕಿ.

– ಮಕ್ಕಳ ಚರ್ಮ ಚಿಕಿತ್ಸೆ ಹಾಗೂ ಹೊಲಿಗೆ ಕಸುಬಿನಲ್ಲಿರುವ ಇಬ್ಬರು ಓದುಗರು, ಮಡಿಕೇರಿ