ಥರ್ಮೋಸ್ಟಾಟ್ ಕಿತ್ತು ಬಿಸಾಕುವುದು ರಿಪೇರಿ ಅಲ್ಲ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕಡೆ ಬೇಸಿಗೆಯಲ್ಲಿ ಹಳೆ ಪಿಕಪ್ ಬಿಸಿಯಾದರೆ ಎಷ್ಟೋ ಗ್ಯಾರೇಜುಗಳಲ್ಲಿ ಒಂದೇ ಮದ್ದು, ಥರ್ಮೋಸ್ಟಾಟ್ (ಎಂಜಿನ್ ಕಾಯುವ ತನಕ ಅದರ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ಕಿತ್ತು ಬಿಸಾಕುವುದು. ನನ್ನ ಗಾಡಿಗೂ ಹಾಗೇ ಮಾಡಿದ್ದರು. ಒಂದು ಮಾತೂ ಹೇಳಿರಲಿಲ್ಲ! ಚಳಿಗಾಲದ ಬೆಳಗಿನ ಜಾವ ತಿಕೋಟಾದಿಂದ ದ್ರಾಕ್ಷಿ ಹೇರಿಕೊಂಡು ವಿಜಯಪುರಕ್ಕೆ ಬರುವಾಗ ಟೆಂಪರೇಚರ್ ಮುಳ್ಳು ಮೇಲೇಳುತ್ತಲೇ ಇರಲಿಲ್ಲ, ಡೀಸೆಲ್ ಮಾತ್ರ ಜಾಸ್ತಿ ಕುಡಿಯುತ್ತಿತ್ತು.

ಕೊನೆಗೆ ನಾನೇ ಬಾನೆಟ್ ಎತ್ತಿದೆ. ರೇಡಿಯೇಟರಿನ ಮೇಲಿನ ದಪ್ಪ ಪೈಪು ಎಂಜಿನ್‌ಗೆ ಸೇರುವ ಕಡೆ ಎರಡು ಬೋಲ್ಟಿನ ಮುಚ್ಚಳ ಇತ್ತು, ಕೆಲವು ಗಾಡಿಗಳಲ್ಲಿ ಇದು ಕೆಳಗಿನ ಪೈಪಿನ ಕಡೆ ಇರುತ್ತದೆ. ಥರ್ಮೋಸ್ಟಾಟ್ ಕೂರುವುದು ಅದರೊಳಗೇ, ಬಿಚ್ಚಿದರೆ ಖಾಲಿ. ಹೊಸದನ್ನು ತಂದು, ಹಾಕುವ ಮೊದಲು ದಾರ ಕಟ್ಟಿ ಕಾಯುವ ನೀರಿಗೆ ಇಳಿಬಿಟ್ಟೆ. ಮನೆಯವಳು ಪಾತ್ರೆ ಹಾಳಾಯ್ತು ಅಂತ ಬೈದಳು, ಇರಲಿ. ಅದರ ಮೇಲೆ 82 ಡಿಗ್ರಿ ಅಂತ ಇತ್ತು, ನೀರು ಕುದಿಯುವ ಮುಂಚೆಯೇ ಒಳಗಿನ ಮೇಣ ಹಿಗ್ಗಿ ವಾಲ್ವ್ ಮೆಲ್ಲಗೆ ಬಾಯಿಬಿಟ್ಟಿತು. ಹಳೆ ಪ್ಯಾಕಿಂಗ್ ಕೆರೆದು ತೆಗೆದು, ಮೇಣದ ಬುಡ್ಡೆ ಎಂಜಿನ್ ಕಡೆ ಬರುವಂತೆ ಕೂರಿಸಿ, ಕೂಲೆಂಟ್ ತುಂಬಿ, ಗುಳ್ಳೆ ನಿಲ್ಲುವ ತನಕ ಎಂಜಿನ್ ಓಡಿಸಿದೆ. ಎಲ್ಲಾ ಎಂಜಿನ್ ತಣ್ಣಗಿದ್ದಾಗ ಶುರು ಮಾಡಬೇಕು, ಬಿಸಿ ರೇಡಿಯೇಟರ್ ಮುಚ್ಚಳ ತೆಗೆದರೆ ಬಿಸಿನೀರು ಚಿಮ್ಮಿ ಮುಖ ಸುಡುತ್ತದೆ.

ಅಸಲಿಗೆ ಗಾಡಿ ಬಿಸಿಯಾಗಿದ್ದು ಬೋರ್‌ವೆಲ್‌ನ ಗಡಸು ನೀರು ಹಾಕಿ ಹಾಕಿ ರೇಡಿಯೇಟರ್ ಕಟ್ಟಿಕೊಂಡಿದ್ದರಿಂದ. ಅದನ್ನು ತೊಳೆಯುವುದು ಬಿಟ್ಟು ಥರ್ಮೋಸ್ಟಾಟ್ ಕಿತ್ತರೆ ಹೇಗೆ? ಕಿತ್ತರೂ ಬಿಲ್ಲಿನಲ್ಲಿ ಬರೆದು ಕೊಡಬಹುದಿತ್ತು ಅಲ್ವಾ?

ಒಬ್ಬ ಪಿಕಪ್ ಮಾಲೀಕ, ವಿಜಯಪುರ