ಡೊರೆಮಾನ್‌ಗೆ ದನಿಯಾದ ನೊಬುಯೊ ಓಯಾಮಾ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಒಳಪುಟದಲ್ಲಿ ‘ಡೊರೆಮಾನ್ ದನಿ ಇನ್ನಿಲ್ಲ’ ಎಂಬ ಪುಟ್ಟ ಸುದ್ದಿ ಬಂದಿತ್ತು. ಜೊತೆಗೆ ಜಪಾನಿ ಕಾರ್ಟೂನಿನ ಆ ನೀಲಿ ರೋಬೊ ಬೆಕ್ಕಿನ ಚಿತ್ರ. ‘ಜಪಾನಿನ ಹಿರಿಯ ಕಂಠದಾನ ಕಲಾವಿದೆ’ ಎಂದು ಬರೆದಿದ್ದಿರಿ, ಆದರೆ ಅವರ ಹೆಸರು ಎಲ್ಲೂ ಇರಲಿಲ್ಲ. ಅವರ ಹೆಸರು ನೊಬುಯೊ ಓಯಾಮಾ. 2024ರ ಸೆಪ್ಟೆಂಬರ್ 29ರಂದು ತೀರಿಕೊಂಡರು. 90 ವರ್ಷ ವಯಸ್ಸಾಗಿತ್ತು. ಅವರ ಬಗ್ಗೆ ಇನ್ನಷ್ಟು ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ಧಾರವಾಡದವಳು. ಬಹಳ ವರ್ಷ ಆಕಾಶವಾಣಿ ನಾಟಕಗಳಲ್ಲಿ ಪಾತ್ರ ಮಾಡಿದ್ದೇನೆ. ನನ್ನ ದನಿ ದಪ್ಪ. ಹಾಗಾಗಿ ಮಕ್ಕಳ ನಾಟಕ ಬಂದರೆ ಹುಡುಗರ ಪಾತ್ರ ನನಗೇ ಬರುತ್ತಿತ್ತು. ಮಗಳು ಸಂಸಾರ ಸಮೇತ ಜಪಾನಿನ ಕಾವಾಸಾಕಿಯಲ್ಲಿದ್ದಾಳೆ. ಡೊರೆಮಾನ್ ಬರೆದ ಫುಜಿಕೊ ಎಫ್. ಫುಜಿಯೊ ಅವರ ಮ್ಯೂಸಿಯಂ ಇರುವುದು ಅದೇ ಊರಿನಲ್ಲಿ. 2011ರಲ್ಲಿ ಶುರುವಾಯಿತು. ಮಗಳ ಮನೆಗೆ ಹೋದಾಗ ಮೊಮ್ಮಗನ ಜೊತೆ ಕೂತು ಹಳೆಯ ಕಂತುಗಳನ್ನು ನೋಡಿದೆ. ಭಾಷೆ ಗೊತ್ತಿಲ್ಲ, ಮಗಳು ಪಕ್ಕದಲ್ಲಿ ಕೂತು ಹೇಳುತ್ತಿದ್ದಳು. ಆ ದನಿ ಕೇಳಿದ ಮೇಲೆ ಆಕೆ ಯಾರು, ಏನು ಎಂದು ಹುಡುಕಿ ಹುಡುಕಿ ಓದಿದೆ.

ಓಯಾಮಾ ಹುಟ್ಟಿದ್ದು 1933ರಲ್ಲಿ, ಟೋಕಿಯೊದಲ್ಲಿ. ಸಣ್ಣವರಿದ್ದಾಗಲೇ ದನಿ ಗೊಗ್ಗರು. ಮಾಧ್ಯಮಿಕ ಶಾಲೆಗೆ ಸೇರಿದಾಗ ಮಾತಾಡಿದರೆ ಜೊತೆಯ ಮಕ್ಕಳು ನಗುತ್ತಿದ್ದರಂತೆ. ಹುಡುಗಿ ಬಾಯಿ ಬಿಡುವುದನ್ನೇ ನಿಲ್ಲಿಸಿಬಿಟ್ಟಳು. ಆಗ ಅವರ ತಾಯಿ, ದನಿಯನ್ನು ಬಳಸದೆ ಇಟ್ಟರೆ ಅದು ಇನ್ನೂ ಸೊರಗುತ್ತದೆ, ಜಾಸ್ತಿ ಬಳಸು ಎಂದರಂತೆ. ಹುಡುಗಿ ಶಾಲೆಯ ರೇಡಿಯೊ ಸಂಘಕ್ಕೆ ಸೇರಿದಳು. ಆ ತಾಯಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ದಪ್ಪ ದನಿಯ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಸಿಗುವ ಮಾತು ಸಾಮಾನ್ಯವಾಗಿ ಬೇರೆಯೇ ಇರುತ್ತದೆ.

ಮುಂದೆ ಅವರು ಟೋಕಿಯೊದ ಹೈಯೂಜಾ ರಂಗತಂಡದ ತರಬೇತಿ ಶಾಲೆಯಲ್ಲಿ ಅಭಿನಯ ಕಲಿತರು. ಇದನ್ನು ಒತ್ತಿ ಹೇಳಬೇಕು. ಕಾರ್ಟೂನಿಗೆ ದನಿ ಕೊಡುವುದೆಂದರೆ ಸುಮ್ನೆ ಮೂಗಿನಲ್ಲಿ ಮಾತಾಡುವುದು, ಮಿಮಿಕ್ರಿ ಮಾಡುವುದು ಎಂದು ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಅಲ್ಲಿ ಆ ಪೀಳಿಗೆಯವರೆಲ್ಲ ಮೊದಲು ನಟರು. ರಂಗದ ಮೇಲೆ ನಿಂತು ಕಲಿತವರು.

1960ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯಲ್ಲಿ ಮೂರು ಹಂದಿಮರಿಗಳ ಗೊಂಬೆ ಕಾರ್ಯಕ್ರಮ ಶುರುವಾಯಿತು. ದೊಡ್ಡ ಮರಿಯ ದನಿ ಓಯಾಮಾ ಅವರದು. ಚಿಕ್ಕ ಮರಿಯ ದನಿ ತೆತ್ಸುಕೊ ಕುರೊಯನಾಗಿ ಅವರದು. ಹೌದು, ನಮ್ಮ ಮೇಷ್ಟ್ರುಗಳೆಲ್ಲ ಕನ್ನಡದಲ್ಲಿ ಓದಿ ಮೆಚ್ಚಿದ ‘ತೊತ್ತೋಚಾನ್’ ಬರೆದವರೇ. 1969ರಲ್ಲಿ ‘ಸಜಾಏ ಸಾನ್’ ಎಂಬ ಮನೆಮಂದಿ ಕಾರ್ಟೂನ್ ಆರಂಭವಾದಾಗ ತುಂಟ ತಮ್ಮ ಕತ್ಸುವೊನ ಮೊದಲ ದನಿಯೂ ಇವರೇ. ಅದನ್ನು ಕೆಲವೇ ತಿಂಗಳು ಮಾಡಿದರು. ಆ ಕಾರ್ಯಕ್ರಮ ಇವತ್ತಿಗೂ ನಡೆಯುತ್ತಿದೆ.

ಹುಡುಗರ ಪಾತ್ರ ಹೆಂಗಸರೇ ಯಾಕೆ ಮಾಡುತ್ತಾರೆ ಎಂದು ಮೊಮ್ಮಗ ಕೇಳಿದ. ಹುಡುಗರ ದನಿ ಒಡೆಯುತ್ತದೆ, ಹೆಂಗಸಿನ ದನಿ ಇಪ್ಪತ್ತು ಮೂವತ್ತು ವರ್ಷ ಹಾಗೇ ನಿಲ್ಲುತ್ತದೆ. ಇನ್ನೊಂದು ಕಾರಣವೂ ಇದೆ. ಟಿ.ವಿ. ಹೊಸದಾಗಿದ್ದಾಗ ವಿದೇಶಿ ಚಿತ್ರಗಳಿಗೆ ನೇರ ಪ್ರಸಾರದಲ್ಲೇ ದನಿ ಕೊಡಬೇಕಿತ್ತು. ರಾತ್ರಿ ಹೊತ್ತು ಮಕ್ಕಳನ್ನು ಸ್ಟುಡಿಯೊದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅದಕ್ಕೇ ನಟಿಯರನ್ನು ಕರೆದರು. ಮಸಾಕೊ ನೊಜಾವಾ ಹಾಗೆ ಬಂದವರು. ‘ಡ್ರ್ಯಾಗನ್ ಬಾಲ್’ ಕಾರ್ಟೂನಿನ ನಾಯಕ ಗೋಕುವಿಗೆ 1986ರಿಂದ ದನಿ ಅವರೇ. ಗೋಕುವಿನ ಇಬ್ಬರು ಗಂಡುಮಕ್ಕಳೂ ಅವರೇ.

ಡೊರೆಮಾನ್ ಮೊದಲು ಟಿ.ವಿ.ಗೆ ಬಂದದ್ದು 1973ರಲ್ಲಿ, ಬೇರೆ ಚಾನೆಲ್‌ನಲ್ಲಿ. ಮೊದಲು ಕೋಸೆ ತೊಮಿತಾ ಎಂಬ ನಟ, ನಂತರ ಇದೇ ನೊಜಾವಾ ದನಿ ಕೊಟ್ಟರು. ಆರು ತಿಂಗಳಿಗೆ ನಿಂತುಹೋಯಿತು. 1979ರ ಏಪ್ರಿಲ್‌ನಲ್ಲಿ ಟಿ.ವಿ. ಅಸಾಹಿ ಮತ್ತೆ ಶುರು ಮಾಡಿತು. ಈ ಸಲ ದನಿ ಓಯಾಮಾ ಅವರದು. ಅವರಿಗೆ ಆಗ 45 ವರ್ಷ.

ಅವರು ಪಾತ್ರವನ್ನು ಹೇಗೆ ಕಟ್ಟಿದರು ನೋಡಿ. ಡೊರೆಮಾನ್ 22ನೇ ಶತಮಾನದಿಂದ ಬಂದ ರೋಬೊ, ಮಗು ನೋಡಿಕೊಳ್ಳಲು ಬಂದದ್ದು. ಹಾಗಾದರೆ ಅದು ಮಕ್ಕಳಿಗೆ ಕೆಟ್ಟ ಮಾತು ಕಲಿಸುವುದಿಲ್ಲ ಅಲ್ವಾ? ಆದ್ದರಿಂದ ಒರಟು ಮಾತು ಆಡಬಾರದು ಎಂದು ಓಯಾಮಾ ತಾವೇ ತೀರ್ಮಾನಿಸಿದರು. ತನ್ನ ಪರಿಚಯ ಹೇಳಿಕೊಳ್ಳುವಾಗಲೂ ಅದು ಮರ್ಯಾದೆಯಿಂದ, ಪೂರ್ತಿ ವಾಕ್ಯದಲ್ಲಿ ಹೇಳುತ್ತದೆ. ಇದನ್ನೆಲ್ಲ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಒಮ್ಮೆ ಫುಜಿಕೊ ಅವರು ಸಿಕ್ಕಾಗ, ಡೊರೆಮಾನ್ ದನಿ ಹೀಗಿತ್ತು ಎಂದು ನನಗೆ ಈಗ ಗೊತ್ತಾಯಿತು ಎಂಬರ್ಥದ ಮಾತು ಹೇಳಿದರಂತೆ. ಬರೆದವರ ಬಾಯಿಂದ ಇಂಥ ಮಾತು ಬರುವುದೆಂದರೆ! ಒಬ್ಬ ನಟಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ?

ಆ ದನಿಯನ್ನು ನಾನು ಕಿವಿಗೊಟ್ಟು ಕೇಳಿದ್ದೇನೆ. ಅದು ಸಕ್ಕರೆಯಂಥ ದನಿಯಲ್ಲ. ಒಳಗೆ ಸ್ವಲ್ಪ ಗರಗರ ಇದೆ. ಡೊರೆಮಾನ್ ನೋಡಿಕೊಳ್ಳುವ ಹುಡುಗ ನೋಬಿತಾ ಅಳುತ್ತಾ ಬಂದಾಗ ಮೊದಲು ಒಂದು ಬೇಸರದ ಉಸಿರು, ಆಮೇಲೆ ಕನಿಕರ. ಬಯ್ಯುವಾಗಲೂ ಕನಿಕರ ಕೆಳಗೆ ಇದ್ದೇ ಇರುತ್ತದೆ. ಹೊಟ್ಟೆಯ ಮೇಲಿನ ಜೇಬಿನಿಂದ ಹೊಸ ಸಾಧನ ತೆಗೆದು ಅದರ ಹೆಸರು ಕೂಗುವಾಗ ಮಾತ್ರ ದನಿ ಎತ್ತರಕ್ಕೆ ಹೋಗುತ್ತದೆ, ಕೊನೆಯ ಅಕ್ಷರ ಉದ್ದವಾಗುತ್ತದೆ. ಭಾಷೆ ಬಾರದ ನನಗೂ ಆಗ ಖುಷಿಯಾಗುತ್ತಿತ್ತು.

ಜಪಾನಿನಲ್ಲಿ ಈ ಕೆಲಸ ನಡೆಯುವ ರೀತಿ ನಮ್ಮ ರೇಡಿಯೊ ನಾಟಕಕ್ಕೆ ಹತ್ತಿರ. ಅದನ್ನು ಅಫುರೆಕೊ ಎನ್ನುತ್ತಾರೆ. ಪಾತ್ರಧಾರಿಗಳೆಲ್ಲ ಒಂದೇ ಕೋಣೆಯಲ್ಲಿ ಸೇರುತ್ತಾರೆ. ಎದುರಿಗೆ ಪರದೆ, ಮೂರೋ ನಾಲ್ಕೋ ಮೈಕು. ಎಷ್ಟೋ ಸಲ ಚಿತ್ರ ಪೂರ್ತಿ ಬರೆದಿರುವುದಿಲ್ಲ, ಬರೀ ಗೆರೆಗಳನ್ನು ನೋಡಿ ನಟಿಸಬೇಕು. ತಮ್ಮ ಸರದಿ ಬಂದಾಗ ಮೈಕಿನ ಮುಂದೆ ಬಂದು, ಮುಗಿದ ಕೂಡಲೇ ಇನ್ನೊಬ್ಬರಿಗೆ ಜಾಗ ಬಿಡಬೇಕು. ಹೆಜ್ಜೆ ಸಪ್ಪಳ ಆಗಬಾರದು, ಹಾಳೆ ಮಗುಚಿದ ಸಪ್ಪಳವೂ ಆಗಬಾರದು. ನಾವೂ ಆಕಾಶವಾಣಿಯಲ್ಲಿ ಸ್ಕ್ರಿಪ್ಟಿನ ಹಾಳೆಗಳ ಪಿನ್ನು ತೆಗೆದು ಬಿಡಿಬಿಡಿಯಾಗಿ ಹಿಡಿಯುತ್ತಿದ್ದೆವು. ಒಬ್ಬರು ಉಸಿರು ತೆಗೆದುಕೊಂಡರೆ ಪಕ್ಕದವರಿಗೆ ಗೊತ್ತಾಗುತ್ತಿತ್ತು. ಎದುರಿನವರ ಕಣ್ಣು ನೋಡಿ ಮಾತಾಡಿದಾಗ ಬರುವ ಜೀವ ಒಬ್ಬೊಬ್ಬರನ್ನೇ ಕರೆದು ರೆಕಾರ್ಡ್ ಮಾಡಿದಾಗ ಬರುವುದಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ.

ಓಯಾಮಾ ತಂಡ ಅಂಥ ತಂಡ. ನೋಬಿತಾ ಆಗಿ ನೊರಿಕೊ ಒಹಾರಾ, ಅವನ ಜೊತೆಯ ಮಕ್ಕಳಲ್ಲಿ ಶಿಜುಕಾ ಆಗಿ ಮಿಚಿಕೊ ನೊಮುರಾ, ಸುನಿಯೋ ಆಗಿ ಕನೆತಾ ಕಿಮೊತ್ಸುಕಿ, ಜಿಯಾನ್ ಆಗಿ ಕಜುಯಾ ತತೆಕಾಬೆ. ಈ ಐವರೂ 26 ವರ್ಷ ಒಟ್ಟಿಗೆ ನಿಂತರು. 1980ರಿಂದ 2004ರವರೆಗೆ ಪ್ರತಿವರ್ಷ ಒಂದರಂತೆ 25 ಸಿನಿಮಾಗಳಿಗೂ ದನಿ ಕೊಟ್ಟರು. 1996ರಲ್ಲಿ ಫುಜಿಕೊ ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ.

2001ರಲ್ಲಿ ಓಯಾಮಾ ಅವರಿಗೆ ಕರುಳಿನ ಕ್ಯಾನ್ಸರ್ ಎಂದು ತಿಳಿಯಿತು. ಆಪರೇಷನ್ ಆಯಿತು, ಗುಣವಾಗಿ ಮೈಕಿಗೆ ಮರಳಿದರು. 2005ರ ವಸಂತದಲ್ಲಿ ಐವರೂ ಒಟ್ಟಿಗೆ ಜಾಗ ಬಿಟ್ಟುಕೊಟ್ಟರು. ಡೊರೆಮಾನ್ ದನಿ ವಸಾಬಿ ಮಿಜುತಾ ಅವರಿಗೆ ಹೋಯಿತು. ಈಗಲೂ ಅವರೇ ಮಾಡುತ್ತಿದ್ದಾರೆ. ಹೊಸಬರು ಬಂದಾಗ ಹಳಬರ ನಕಲು ಮಾಡಿ ಎಂದು ಕೂರಿಸಲಿಲ್ಲ, ಮಿಜುತಾ ಅವರ ಡೊರೆಮಾನ್ ಬೇರೆಯೇ ಡೊರೆಮಾನ್. ಇದು ನನಗೆ ಬಹಳ ಹಿಡಿಸಿತು.

ಓಯಾಮಾ ಆಮೇಲೂ ಸುಮ್ಮನೆ ಕೂರಲಿಲ್ಲ. ಟೋಕಿಯೊದಲ್ಲಿ ಧ್ವನಿ ಕಲೆ ಕಲಿಸುವ ಶಾಲೆಯೊಂದರ ಮುಖ್ಯಸ್ಥೆಯಾದರು. 2010ರಲ್ಲಿ ‘ದಂಗನ್‌ರೊಂಪಾ’ ಎಂಬ ವಿಡಿಯೊ ಗೇಮ್‌ನಲ್ಲಿ ಮೊನೊಕುಮಾ ಎಂಬ ಕ್ರೂರ ಕರಡಿಗೆ ದನಿ ಕೊಟ್ಟರು. ಅದು ಮಕ್ಕಳನ್ನು ಒಬ್ಬರನ್ನೊಬ್ಬರು ಕೊಲ್ಲುವಂತೆ ಮಾಡುವ ಪಾತ್ರ. ಮಗುವನ್ನು ನೋಡಿಕೊಳ್ಳುವ ರೋಬೊ ಆಗಿದ್ದ ದನಿಯೇ ಇದು. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹಾಗಾದರೆ ಆಕೆ ಎಂಥ ನಟಿ ಎಂದು ಯೋಚಿಸಿ.

2015ರಲ್ಲಿ ಅವರಿಗೆ ಮರೆವಿನ ಕಾಯಿಲೆ ಇದೆ ಎಂದು ಅವರ ಪತಿ, ನಟ ಕೇಸುಕೆ ಸಗಾವಾ ಜನರಿಗೆ ತಿಳಿಸಿದರು. ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದ ಅವರೇ 2017ರಲ್ಲಿ ತೀರಿಕೊಂಡರು. ನೋಬಿತಾಗೆ ದನಿಯಾಗಿದ್ದ ಒಹಾರಾ 2024ರ ಜುಲೈನಲ್ಲಿ ಹೋದರು. ಎರಡು ತಿಂಗಳಾದ ಮೇಲೆ ಓಯಾಮಾ. ಅದೇ ವರ್ಷ ಮಾರ್ಚ್‌ನಲ್ಲಿ, 1990ರಿಂದ ‘ಚಿಬಿ ಮಾರುಕೊ ಚಾನ್’ ಕಾರ್ಟೂನಿನ ಹುಡುಗಿಗೆ ದನಿಯಾಗಿದ್ದ ತಾರಾಕೊ ಕೂಡ ಹೋಗಿದ್ದರು. ಜಪಾನಿನ ಒಂದಿಡೀ ಪೀಳಿಗೆಗೆ ಬಾಲ್ಯದ ದನಿಗಳು ಒಂದೇ ವರ್ಷದಲ್ಲಿ ಹೋದಂತಾಯಿತು.

ದುಡ್ಡಿನ ಮಾತನ್ನೂ ಹೇಳಬೇಕು. ಜಪಾನಿನಲ್ಲಿ ಹೊಸಬರಿಗೆ ಅರ್ಧ ಗಂಟೆಯ ಒಂದು ಕಂತಿಗೆ 15,000 ಯೆನ್ ಎಂಬ ದರ ಇದೆ. ಒಂದು ಸಾಲು ಮಾತಾಡಿದರೂ ಅಷ್ಟೇ, ಪೂರ್ತಿ ಕಂತು ಮಾತಾಡಿದರೂ ಅಷ್ಟೇ. ಆ ದರವೂ ಸುಲಭವಾಗಿ ಸಿಕ್ಕಿದ್ದಲ್ಲ. 1973ರಲ್ಲಿ ದನಿ ಕಲಾವಿದರು ಟೋಕಿಯೊದ ಬೀದಿಗಿಳಿದು ಮೆರವಣಿಗೆ ಮಾಡಿದ್ದರು. ಈಗ ಹೊಸ ಕಷ್ಟ ಬಂದಿದೆ. ತಮ್ಮನ್ನು ಕೇಳದೆ ತಮ್ಮ ದನಿಯನ್ನು ಎಐ ಮೂಲಕ ನಕಲು ಮಾಡಬೇಡಿ ಎಂದು 2024ರ ಅಕ್ಟೋಬರ್‌ನಲ್ಲಿ ಹೆಸರಾಂತ ಕಲಾವಿದರು ಒಟ್ಟಾಗಿ ಅಭಿಯಾನ ಶುರು ಮಾಡಿದ್ದಾರೆ. ಯಾರ ದನಿ ಎಂಬುದೇ ಜನರಿಗೆ ಗೊತ್ತಿಲ್ಲದಿದ್ದರೆ ಕದ್ದದ್ದು ಯಾರದು ಎಂದು ಯಾರು ಕೇಳುತ್ತಾರೆ ಹೇಳಿ.

ಜಪಾನಿನಲ್ಲಿ ಪ್ರತಿ ಕಂತಿನ ಕೊನೆಗೂ ಪಾತ್ರದ ಹೆಸರು, ಪಕ್ಕದಲ್ಲೇ ಕಲಾವಿದರ ಹೆಸರು ಬರುತ್ತದೆ. ಮಕ್ಕಳು ಅದನ್ನು ಓದಿಕೊಂಡೇ ಬೆಳೆಯುತ್ತಾರೆ. ನಮ್ಮಲ್ಲೂ 2009ರಲ್ಲಿ ಮಕ್ಕಳ ಚಾನೆಲ್ ಚಿಂಟು ಟಿ.ವಿ. ಬಂದ ಮೇಲೆ ಎಷ್ಟೋ ಕಾರ್ಟೂನ್‌ಗಳು ಕನ್ನಡದಲ್ಲಿ ಮಾತಾಡಿವೆ. ನನ್ನ ಜೊತೆ ರೇಡಿಯೊದಲ್ಲಿದ್ದವರು, ರಂಗಭೂಮಿಯ ಹುಡುಗ ಹುಡುಗಿಯರು ಆ ಕೆಲಸ ಮಾಡಿದ್ದಾರೆ. ನಮ್ಮ ಬೀದಿಯ ಮಕ್ಕಳು ಆ ಮಾತುಗಳನ್ನು ಹೇಳುತ್ತಾ ಆಟವಾಡುತ್ತಾರೆ. ಆ ಮಾತು ಆಡಿದವರು ಯಾರು ಎಂದು ಒಬ್ಬರಿಗೂ ಗೊತ್ತಿಲ್ಲ.

ಆದ್ದರಿಂದ ಎರಡು ಕೋರಿಕೆ. ಓಯಾಮಾ ಅವರ ಹೆಸರು ಮತ್ತು ಅವರ ಮುಖ ಇರುವ ಫೋಟೊ ಹಾಕಿ ಇನ್ನೊಮ್ಮೆ ಸುದ್ದಿ ಕೊಡಿ, ಎರಡು ಕಾಲಂ ಆದರೂ ಸಾಕು. ಹಾಗೆಯೇ ನಿಮ್ಮ ಭಾನುವಾರದ ಪುರವಣಿಯಲ್ಲಿ ಕನ್ನಡ ಕಾರ್ಟೂನ್‌ಗಳಿಗೆ ದನಿ ಕೊಟ್ಟವರನ್ನು ಒಬ್ಬೊಬ್ಬರಾಗಿ ಪರಿಚಯಿಸಿ. ಅವರು ಎಲ್ಲಿ ಸಿಗುತ್ತಾರೆ ಎಂದು ನಿಮ್ಮ ವರದಿಗಾರರು ಕೇಳಿದರೆ ಧಾರವಾಡ, ಹುಬ್ಬಳ್ಳಿ, ಬೆಂಗಳೂರಿನಲ್ಲಿ ನನಗೆ ಗೊತ್ತಿರುವವರನ್ನು ನಾನೇ ಮಾತಾಡಿಸಿ, ಅವರು ಒಪ್ಪಿದರೆ ಫೋನ್ ನಂಬರ್ ಕೊಡಿಸುತ್ತೇನೆ.

ಇಂತಿ ನಿಮ್ಮ ಓದುಗಾರ್ತಿ,
ನಿವೃತ್ತ ರೇಡಿಯೊ ನಾಟಕ ಕಲಾವಿದೆ, ಧಾರವಾಡ