ಶಾಸಕರೇ, ನನ್ನ ಕಪ್ಪೆ ಪುಸ್ತಕ ವಾಪಸ್ ಕೊಡ್ಸಿ

ಮಾನ್ಯ ಶಾಸಕರಿಗೆ ನಿಮ್ಮ ಕ್ಷೇತ್ರದ ಒಬ್ಬ ಸಣ್ಣ ಅಡಿಕೆ ಬೆಳೆಗಾರನ ನಮಸ್ಕಾರ.

ಸಾರ್, 11 ಮಳೆಗಾಲದಿಂದ ನಾನು ಕಪ್ಪೆ ಲೆಕ್ಕ ಬರೀತಿದೀನಿ. ನಗಬೇಡಿ. ರಾತ್ರಿ ಊಟ ಆದ್ಮೇಲೆ ಟಾರ್ಚು, ಕೊಡೆ ಹಿಡ್ಕೊಂಡು ತೋಟದ ಹಳ್ಳದಿಂದ ಟಾರ್ ರಸ್ತೆ ಮೋರಿವರೆಗೆ ಹೋಗಿ ಯಾವ ಕಪ್ಪೆ ಎಲ್ಲಿ ಕೂಗ್ತು ಅಂತ ಬರ್ಕೊಳೋದು, ಅಷ್ಟೇ. ಮುಟ್ಟಲ್ಲ, ಹಿಡಿಯಲ್ಲ. ನಮ್ಮ ಪುಟಾಣಿ ಮರಗಪ್ಪೆಗಳಲ್ಲಿ ಕೆಲವಕ್ಕೆ ಗೊದಮೊಟ್ಟೆ ಹಂತನೇ ಇಲ್ಲ, ಮೊಟ್ಟೆ ಒಡೆದ್ರೆ ಸೀದಾ ಮರಿಕಪ್ಪೆ, ಇದನ್ನ ಕಣ್ಣಾರೆ ನೋಡೋಕೆ ನಂಗೆ ಮೂರು ಮಳೆಗಾಲ ಬೇಕಾಯ್ತು, ಇಂಬಳಕ್ಕೆ ಕೊಟ್ಟ ರಕ್ತ ಬೇರೆ.

ಹೋದ ಆಷಾಢದಲ್ಲಿ ಒಂದಿನ ಅದೇ ಮೋರಿ ಹತ್ರ ಜೀಪು ನಿಲ್ಸಿದ ಅರಣ್ಯ ಇಲಾಖೆಯ ಇಬ್ಬರು ಸಿಬ್ಬಂದಿ 'ಏನೋ, ಶಿಕಾರಿನಾ?' ಅಂದ್ರು. ಕಪ್ಪೆ ನೋಡ್ತಿದೀನಿ ಅಂದಿದ್ದೇ ತಪ್ಪಾಯ್ತು. 58 ವರ್ಷದವನನ್ನ ಒದ್ದೆ ಪಂಚೆಲೇ ರಾತ್ರಿ ಒಂದೂವರೆವರೆಗೆ ಗೇಟಿನ ಹತ್ರ ಕೂರ್ಸಿದ್ರು, ಫೋನಲ್ಲಿದ್ದ ಫೋಟೋ ಅಳಿಸಿದ್ರು, ಪುಸ್ತಕನ ಡ್ರಾಯರಿಗೆ ಹಾಕಿ ಬೀಗ ಜಡಿದ್ರು. ಬಿಎನ್‌ಎಚ್‌ಎಸ್ ಸದಸ್ಯತ್ವದ ಕಾರ್ಡ್ ತೋರಿಸಿದ್ರೆ 'ಇದ್ಯಾವ ಬ್ಯಾಂಕಿಂದು?' ಅಂತ ಕೇಳಿದ್ರು. ಅಷ್ಟರಲ್ಲಿ ಜೋರಾಗಿ ಹಾಡು ಹಾಕ್ಕೊಂಡು ಬಂದ ರೆಸಾರ್ಟ್ ಜೀಪುಗಳಿಗೆ ಗೇಟು ತಾನಾಗೇ ಮೇಲೆದ್ದಿತು, ಅವರು ಪ್ರಕೃತಿಪ್ರೇಮಿಗಳು ನೋಡಿ!

ಬ್ಯಾಂಕಲ್ಲ ಸಾರ್, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. 1883ರಲ್ಲಿ ಮುಂಬೈಲಿ ಪ್ರಕೃತಿ ಗೀಳಿನ ಎಂಟು ಜನ ಕಟ್ಟಿದ ಸಂಸ್ಥೆ, ಅದರ ಲಾಂಛನದಲ್ಲಿ ಕೂತಿರೋದು ನಮ್ಮ ಕಾಡಲ್ಲೂ ಇರೋ ಮಂಗಟ್ಟೆ ಹಕ್ಕಿ. ಅಲ್ಲೇ ಬೆಳೆದ ಪಕ್ಷಿತಜ್ಞ ಸಲೀಂ ಅಲಿಯವರ ಹತ್ರ ಡಿಗ್ರಿ ಇರ್ಲಿಲ್ಲ. ಅವರು ನಮ್ಮ ಮೋರಿ ಹತ್ರ ನಿಂತಿದ್ರೆ ಬೈನಾಕ್ಯುಲರ್ರೂ ಅದೇ ಡ್ರಾಯರ್ ಸೇರ್ತಿತ್ತು.

ಕಾನೂನು ನಿಮಗೆ ನಾನು ಹೇಳ್ಬೇಕಾ? 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಧ್ಯಯನಕ್ಕೆ, ಫೋಟೋಗೆ ಅಭಯಾರಣ್ಯದೊಳಕ್ಕೇ ಪರ್ಮಿಟ್ ಕೊಡಬಹುದು, ನಾನಂತೂ ನಿಂತಿದ್ದು ಸಾರ್ವಜನಿಕ ರಸ್ತೆ ಮೇಲೆ. ಪುಸ್ತಕ ವಾಪಸ್ ಕೊಡಿ ಅಂತ ಮೂರು ಅರ್ಜಿ ಹಾಕ್ದೆ, ಕೊಯ್ಲು ಬಿಟ್ಟು ಶಿವಮೊಗ್ಗಕ್ಕೆ ಎರಡು ಸಲ ಬಸ್ಸಲ್ಲಿ ಬಂದೆ. 'ಫೈಲ್ ಮೇಲೆ ಹೋಗಿದೆ' ಅಂತಾರೆ. ಮೇಲೆ ಅಂದ್ರೆ ಎಲ್ಲಿಗೆ, ಅಟ್ಟಕ್ಕಾ?

ನಂಗೆ ಸನ್ಮಾನ ಬೇಡ, ಶಾಲು ಹಾರ ಬೇಡ. ನನ್ನಂಥ ಹವ್ಯಾಸಿಗಳಿಗೆ ಒಂದು ಗುರುತಿನ ಚೀಟಿ ಮಾಡ್ಸಿ, ಆಗದಿದ್ರೆ ಅದೂ ಬೇಡ, ಪುಸ್ತಕ ವಾಪಸ್ ಕೊಡ್ಸಿ. ಮಳೆ ಹಿಡಿದಿದೆ, ಮೋರಿ ಹತ್ರ ಕೂಗು ಶುರುವಾಗಿದೆ. ಮನೆಯಾಕೆ ಹೊಸ ನೋಟ್‌ಬುಕ್ ತಂದಿಟ್ಟಿದಾಳೆ, ಅದನ್ನ ಮುಟ್ಟೋಕೆ ಮನಸ್ಸೇ ಬರ್ತಿಲ್ಲ.

ಹುಡುಕೋರಿಗೆ ಗುರುತು ಹೇಳ್ತೀನಿ: ಕೆಂಪು ರಟ್ಟು, ಮೂಲೆ ಗೆದ್ದಲು ತಿಂದಿದೆ, ಕೊನೇ ಪುಟಗಳಲ್ಲಿ ಅಡಿಕೆ ಸುಲಿದೋರ ಕೂಲಿ ಲೆಕ್ಕ ಇದೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ